ಹಿಂದಿನ ಗೇಟಿನ ಧೂಳು

ಸೆಪ್ಟೆಂಬರ್ 24, ಬುಧವಾರ

ಕೊನೆಗೂ ಧೂಳು ಅಳೆಯುವ ಯಂತ್ರ ಕೂಡಿಸಿ ಬಂದೆ. ಮನೆ ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದಿತ್ತು. ನಮ್ಮ ಗೋದಾಮಿನ ಹಿಂದಿನ ಓಣಿಯಲ್ಲಿ ಗಟ್ಟಿ ತಾರಸಿ ಇರುವ ಮನೆಗಳೇ ಬೆರಳೆಣಿಕೆ. ಇದ್ದವರೂ ಬಾಗಿಲಲ್ಲೇ ನಿಲ್ಲಿಸಿ, ಇದರಿಂದ ಟಿವಿಗೆ ಏನಾದರೂ ಆಗುತ್ತದಾ ಎಂದು ವಿಚಾರಿಸಿ ಕಳಿಸಿದರು. ಒಪ್ಪಿದ್ದು ಓಬಕ್ಕ ಎಂಬ ಹೆಂಗಸು ಒಬ್ಬಳೇ. ಗಂಡ ಹಾಲೇಶಪ್ಪ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸಕ್ಕಿದ್ದವನಂತೆ. ಈಗ ಕಿಟಕಿ ಪಕ್ಕದ ಮಂಚ ಬಿಟ್ಟು ಏಳುವುದಿಲ್ಲ, ಕೆಮ್ಮುವುದೇ ಕೆಲಸ. ಆ ಕಿಟಕಿಗೆ ನೀಲಿ ಅಂಚಿನ ದಪ್ಪ ದುಪ್ಪಟಿಯೊಂದನ್ನು ಒದ್ದೆ ಮಾಡಿ ಕಟ್ಟಿದ್ದಾರೆ. ಹಾಡಹಗಲಲ್ಲೂ ಕೋಣೆ ಗವಿಯಂತಿದೆ. ಹೇಗೆ ಇರುತ್ತಾರೋ ಈ ಜನ.

ಚಹಾ ಕುಡಿದು ಹೋಗಿ ಎಂದು ಒಂದೇ ಸಮನೆ ಜೀವ ತಿಂದಳು. ನನಗೆಲ್ಲಿ ಪುರಸೊತ್ತು? ತಾರಸಿ ಮೂಲೆಯಲ್ಲಿ ಯಂತ್ರ ನಿಲ್ಲಿಸಿ, ಸಿಮ್ ಹಾಕಿ, ಲೆಕ್ಕ ನನ್ನ ಫೋನಿಗೆ ಬರುವುದನ್ನು ನೋಡಿಕೊಂಡು ಓಡಿ ಬಂದೆ.

ನನ್ನ ಕೆಲಸ ಏನೆಂದು ಅಮ್ಮನಿಗೆ ಇನ್ನೂ ತಿಳಿದಿಲ್ಲ. ‘ನಮ್ಮ ರೂಪಶ್ರೀ ಗೋದಾಮಿನಲ್ಲಿ ಹೊಗೆ ಎಣಿಸ್ತಾಳೆ’ ಎಂದು ನಿಜಲಿಂಗಪ್ಪ ಬಡಾವಣೆಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೆಚ್ಚುಕಡಿಮೆ ಅಷ್ಟೇ ಅನ್ನಿ. ಎಷ್ಟು ಡೀಸೆಲ್ ಸುಟ್ಟಿತು, ಎಷ್ಟು ಕರೆಂಟು ಹೋಯಿತು, ಎಷ್ಟು ಧೂಳು ಎದ್ದಿತು, ಎಲ್ಲ ಕೂಡಿಸಿ ಪುಣೆಯ ಹೆಡ್ಡಾಫೀಸಿಗೆ ಕಳಿಸಬೇಕು. ಹಿಂದಿನ ಗೇಟು ತೆರೆಯುವ ಉಪಾಯ ಮಾತ್ರ ಪೂರ್ತಿ ನನ್ನದೇ. ಈಗ ಲಾರಿಗಳೆಲ್ಲ ಮುಂದಿನ ಗೇಟಿನಿಂದ ಹೆದ್ದಾರಿಗೆ ಇಳಿದು, ಸೇತುವೆಯತನಕ ಹೋಗಿ ತಿರುಗಿ ಹರಿಹರದ ಕಡೆ ಬರುತ್ತವೆ. ಹಿಂದಿನ ಓಣಿಯಿಂದ ಬಿಟ್ಟರೆ ನೇರ ಹರಿಹರದ ರಸ್ತೆ. ಎಷ್ಟು ಡೀಸೆಲ್ ಉಳಿಯುತ್ತದೆಂದು ಲೆಕ್ಕ ಹಾಕಿ ತೋರಿಸಿದಾಗ ಮ್ಯಾನೇಜರ್ ಬಸವಕಿರಣ್ ಕುರ್ಚಿಯಿಂದ ಎದ್ದು ನಿಂತಿದ್ದರು. ಎರಡು ತಿಂಗಳು ಲಾರಿ ಬಿಟ್ಟು ನೋಡುವುದು, ಓಣಿಯ ಧೂಳು ಮಿತಿಯೊಳಗಿದ್ದರೆ ಗೇಟು ಕಾಯಂ, ಗೋದಾಮಿಗೆ ಹಸಿರು ಪ್ರಮಾಣಪತ್ರ. ನನಗೆ ಪುಣೆ. ಅಬ್ಬಾ, ಒಮ್ಮೆ ಇಲ್ಲಿಂದ ಹೊರಟರೆ ಸಾಕು.

ಅಕ್ಟೋಬರ್ 1, ಆಯುಧಪೂಜೆ

ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ಲಾರಿಗಳಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುವ ಸಂಭ್ರಮ. ಚಾಲಕ ಮಕ್ತುಮ್ ಸಾಬ್ ತಮ್ಮ ಲಾರಿಗೆ ತಾವೇ ಹಾರ ಹಾಕಿ ಎಲ್ಲರಿಗೂ ಮಂಡಕ್ಕಿ ಹಂಚುತ್ತಿದ್ದರು. ನಾನು ಫೋನು ನೋಡಿದೆ. ಓಣಿಯ ಯಂತ್ರದ ಗೆರೆ ಆಕಾಶಕ್ಕೆ ಏರಿ ಕೂತಿದೆ. ಇನ್ನೂ ಒಂದು ಲಾರಿಯೂ ಆ ಕಡೆ ಹೋಗಿಲ್ಲ!

ಸ್ಕೂಟಿ ತಗೊಂಡು ಓಡಿದೆ. ತಾರಸಿ ಹತ್ತಿ ನೋಡಿದರೆ ಯಂತ್ರಕ್ಕೆ ಮೂರೆಳೆ ವಿಭೂತಿ, ಮೇಲೊಂದು ಚೆಂಡುಹೂವು, ಮುಂದೆ ಕೆಂಡದಲ್ಲಿ ಲೋಬಾನ. ಹೊಗೆ ಭುಸುಭುಸು ನೇರ ಅದರ ಮೂಗಿಗೆ ಹೋಗುತ್ತಿದೆ. ಆ ಹೆಂಗಸು ಕೈಮುಗಿದು ನಿಂತಿದ್ದಾಳೆ. ‘ಇವತ್ತು ಎಲ್ಲ ಮಿಷಿನ್ನಿಗೂ ಪೂಜೆ ಅಲ್ಲೇನ್ರಿ, ಇದೊಂದನ್ನ ಯಾಕ ಬಿಡಬೇಕು’ ಅಂದಳು. ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದಂತೆ ಬೈದೆ. ಇದು ಲಕ್ಷಗಟ್ಟಲೆಯ ಯಂತ್ರ, ಹೊಗೆಯಾಗಲಿ ಧೂಳಾಗಲಿ ಇದರ ಹತ್ತಿರ ಸುಳಿಯಬಾರದು, ಇದಕ್ಕೇನಾದರೂ ಆದರೆ ನೀನೇ ಹೊಣೆ ಅಂದುಬಿಟ್ಟೆ. ಮುಖ ಚಿಕ್ಕದು ಮಾಡಿಕೊಂಡು ಕೆಂಡಕ್ಕೆ ನೀರು ಹಾಕಿದಳು. ಹಬ್ಬದ ದಿನ ಅಷ್ಟು ಬೈಯಬಾರದಿತ್ತೇನೋ. ಆದರೆ ಹೇಳದಿದ್ದರೆ ಇವರಿಗೆ ತಿಳಿಯುವುದಿಲ್ಲ.

ಅಕ್ಟೋಬರ್ 8, ಬುಧವಾರ

ಲಾರಿಗಳು ಹಿಂದಿನ ಗೇಟಿನಿಂದ ಓಡುತ್ತಿವೆ. ಗೆರೆ ನೆಲಕ್ಕೆ ಅಂಟಿಕೊಂಡಿದೆ! ನಾನೇ ನಂಬಲಿಲ್ಲ, ಎರಡೆರಡು ಸಲ ಆ್ಯಪ್ ಮುಚ್ಚಿ ತೆರೆದೆ. ಅಷ್ಟು ಲಾರಿ ಹೋದರೂ ಓಣಿಯ ಗಾಳಿ ಇಷ್ಟು ಶುದ್ಧ. ಬಸವಕಿರಣ್ ಸರ್ ಎಲ್ಲರಿಗೂ ಮಿರ್ಚಿ ತರಿಸಿದರು. ಪುಣೆಯಲ್ಲಿ ಬಾಡಿಗೆ ಹೇಗಿದೆ ಎಂದು ನೋಡುತ್ತಾ ಕೂತೆ. ಯಾಕೋ ಕಾಲು ಒಂದು ಕಡೆ ನಿಲ್ಲುತ್ತಿಲ್ಲ, ಮೇಜಿನಡಿ ಕುಣಿಯುತ್ತಲೇ ಇರುತ್ತದೆ.

ಅಕ್ಟೋಬರ್ 14, ಮಂಗಳವಾರ

ಒಪ್ಪಿಗೆ ಪತ್ರಕ್ಕೆ ಸಹಿ ಬೇಕೆಂದು ಪುಣೆಯವರು ಕೇಳಿದ್ದಕ್ಕೆ ಆ ಮನೆಗೆ ಹೋಗಿದ್ದೆ. ಈ ಸಲ ಕಿಟಕಿ ತೆರೆದಿತ್ತು, ಕೋಣೆ ಬೆಳ್ಳಗೆ ಬೆಳಕಾಗಿತ್ತು. ಅಂತೂ ಬುದ್ಧಿ ಬಂತಲ್ಲ ಅಂದುಕೊಂಡೆ. ಹಾಲೇಶಪ್ಪ ಮಾತ್ರ ಮೊದಲಿಗಿಂತ ಜಾಸ್ತಿ ಕೆಮ್ಮುತ್ತಿದ್ದ. ಗಿರಣಿಯ ಹತ್ತಿ ಎದೆಯಲ್ಲಿ ಕೂತರೆ ಹಾಗೇ ಆಗುತ್ತದಂತೆ, ಹಳೆಯ ಕಾಯಿಲೆ, ನಮಗೂ ಅದಕ್ಕೂ ಸಂಬಂಧವಿಲ್ಲ. ಸಹಿ ಹಾಕುವಾಗ ಒಂದು ಲಾರಿ ಹೋಯಿತು. ಕಾಗದದ ಮೇಲೆ ಕೆಂಪು ಧೂಳು ಬಿತ್ತು, ಊದಿದೆ.

‘ಧೂಳು ಭಾಳ ಆಗೇತ್ರಿ ಮೇಡಂ’ ಅಂದ ಅವನು. ಯಂತ್ರ ಹಾಗೆ ಹೇಳುತ್ತಿಲ್ಲ ಎಂದು ಫೋನು ತೋರಿಸಿದೆ. ಕಣ್ಣು ಕಿರಿದು ಮಾಡಿ ಆ ಗೆರೆಯನ್ನು ನೋಡಿ, ದೊಡ್ಡದೊಂದು ಉಸಿರು ಎಳೆದ.

ಓಬಕ್ಕ ಯಂತ್ರವನ್ನು ಕೂಸಿನ ಹಾಗೆ ನೋಡಿಕೊಂಡಿದ್ದಾಳಂತೆ. ಮೇಲೆ ಬಂದು ನೋಡಿ ಎಂದು ಕರೆದಳು. ನೋಡುವುದೇನಿದೆ, ಎಲ್ಲ ಫೋನಿಗೇ ಬರುತ್ತದೆ ಅಂದೆ. ಚಹಾ ಬೇಡವೆಂದು ಇವತ್ತೂ ತಪ್ಪಿಸಿಕೊಂಡೆ.

ಅಕ್ಟೋಬರ್ 22, ಬಲಿಪಾಡ್ಯಮಿ

ದಾವಣಗೆರೆಯಲ್ಲಿ ಮೂರು ದಿನದಿಂದ ಪಟಾಕಿಯೋ ಪಟಾಕಿ. ನಮ್ಮ ಮನೆಯ ಒಳಗೇ ಕಣ್ಣು ಉರಿಯುತ್ತಿದೆ. ಅಮ್ಮ ಮೂಗಿಗೆ ಸೆರಗು ಹಿಡಿದೇ ಹೋಳಿಗೆ ಮಾಡಿದಳು. ಸುಮ್ಮನೆ ಕುತೂಹಲಕ್ಕೆ ಆ್ಯಪ್ ತೆರೆದೆ. ಗೋದಾಮಿನ ಮುಂದಿನ ಗೇಟಿನಲ್ಲಿ ಮೊದಲಿನಿಂದ ಇರುವ ಇನ್ನೊಂದು ಯಂತ್ರ ಹುಚ್ಚೆದ್ದು ಕುಣಿದಿದೆ. ಓಣಿಯ ಯಂತ್ರ ಒಂದು ಕೂದಲೆಳೆಯಷ್ಟೂ ಕದಲಿಲ್ಲ.

ಆ ಓಣಿಯಲ್ಲಿ ಪಟಾಕಿ ಹೊಡೆಯುವವರು ಇರಲಿಕ್ಕಿಲ್ಲ. ಹೊಗೆ ಬೇರೆ ಕಡೆ ಹೋಗಿರಬಹುದು. ಗಾಳಿ ಯಾವ ಕಡೆಗಿತ್ತೋ ಏನೋ.

ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದೆ. ‘ಏನಾಗೇತೆ ನಿನಗೆ, ಕೂತಲ್ಲಿ ಕೂಡಂಗಿಲ್ಲ, ನಿಂತಲ್ಲಿ ನಿಲ್ಲಂಗಿಲ್ಲ’ ಎಂದು ಅಮ್ಮ ರೇಗಿದಳು.

ಅಕ್ಟೋಬರ್ 27, ಸೋಮವಾರ

ಮೊದಲ ತಿಂಗಳ ವರದಿ ಕಳಿಸಿದೆ. ದೀಪಾವಳಿಯ ವಿಷಯ ಬಸವಕಿರಣ್ ಸರ್‌ಗೆ ಹೇಳಿದ್ದಕ್ಕೆ, ಒಳ್ಳೆಯದಾದಾಗ ಯಾಕೆ ಕೆದಕುತ್ತೀಯ ಎಂದು ನಕ್ಕರು. ನಾನೂ ನಕ್ಕೆ. ಕಳಿಸಿದ ಮೇಲೆ ಹಗುರ ಆಗಬೇಕಿತ್ತು, ಆಗಲಿಲ್ಲ.

ನವೆಂಬರ್ 1, ರಾಜ್ಯೋತ್ಸವ

ರಜೆ. ಮನೆಯಲ್ಲಿ ಇರಲಾಗದೆ ಹೊರಟೆ. ಎಲ್ಲಿಗೆ ಎಂದು ಅಮ್ಮ ಕೇಳಿದರೆ ದೋಸೆ ತಿನ್ನಲು ಅಂದೆ. ಸ್ಕೂಟಿ ತಾನಾಗಿಯೇ ಆ ಓಣಿಗೆ ಹೋಗಿ ನಿಂತಿತು.

ಓಬಕ್ಕ ಬಟ್ಟೆ ಒಗೆಯುತ್ತಿದ್ದಳು. ನಾನು ನೇರ ಮೆಟ್ಟಿಲು ಹತ್ತಿದೆ. ಯಂತ್ರ ಕಾಣಿಸಲಿಲ್ಲ. ಅದಿರಬೇಕಾದ ಜಾಗದಲ್ಲಿ ದಪ್ಪ ದುಪ್ಪಟಿಯ ಗಂಟೊಂದು ನಿಂತಿತ್ತು. ಎರಡು ಮಡಿಕೆ ಮಾಡಿ, ಸುತ್ತ ಹೊದಿಸಿ, ಕುತ್ತಿಗೆಗೆ ಹುರಿ ಬಿಗಿದಿದ್ದಾರೆ. ನೀಲಿ ಅಂಚು. ಎಷ್ಟು ಚೊಕ್ಕ ಒಗೆದಿದ್ದಾಳೆಂದರೆ ಒಂದು ಕಲೆ ಇಲ್ಲ.

ನನಗೆ ಒಂದು ಕ್ಷಣ ನಗು ಬಂತು, ಆಮೇಲೆ ಅಳು ಬಂದ ಹಾಗಾಯಿತು. ಧೂಳು ಅಳೆಯುವ ಯಂತ್ರಕ್ಕೆ ಧೂಳು ತಾಗದ ಹಾಗೆ ಹೊದಿಸಿಟ್ಟಿದ್ದಾಳೆ!

ಓಬಕ್ಕ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು. ಮುಖದಲ್ಲಿ ಶಭಾಷ್‌ಗಿರಿ ನಿರೀಕ್ಷಿಸುವ ಹಾಗೆ ನಗು. ‘ಅವತ್ತು ಹೇಳಿದ್ರಲ್ರಿ, ಹೊಗೆ ಧೂಳು ಸುಳಿಬಾರ್ದು ಅಂತ. ಅವತ್ತೇ ಕಟ್ಟಿದೆ. ವಾರಕ್ಕೊಮ್ಮೆ ಲಾರಿ ಇಲ್ಲದ ಹೊತ್ತಿನಾಗ ಒಗೆದು ಮತ್ತೆ ಕಟ್ತೀನಿ. ಒಂದು ದಿನ ತಪ್ಪಿಲ್ರಿ.’

ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ನಾನು ಹೇಳಿದ್ದನ್ನೇ ಅವಳು ಅಕ್ಷರಶಃ ಮಾಡಿದ್ದಾಳೆ. ಹುರಿ ಸಡಿಲಿಸಿ ಬಟ್ಟೆ ಸ್ವಲ್ಪ ಎತ್ತಿದೆ. ಅಷ್ಟರಲ್ಲಿ ಓಣಿಯಲ್ಲಿ ಲಾರಿಯೊಂದು ಬಂತು. ಫೋನಿನಲ್ಲಿ ಗೆರೆ ಏರಿತು, ಏರುತ್ತಲೇ ಹೋಯಿತು, ಕೆಂಪು ಬಣ್ಣಕ್ಕೆ ತಿರುಗಿತು. ಪುಣೆಯಲ್ಲೂ ಇದೇ ಗೆರೆ ನೋಡುವವರಿದ್ದಾರೆ. ಸರಕ್ಕನೆ ಬಟ್ಟೆ ಇಳಿಸಿ ನಾನೇ ಹುರಿ ಬಿಗಿದೆ.

ತಪ್ಪಾತೇನ್ರಿ, ತೆಗೆಯಲೇನ್ರಿ ಎಂದು ಅವಳು ಗಾಬರಿಯಾದಳು. ತಪ್ಪಿಲ್ಲ, ನಾನು ಹೇಳುವವರೆಗೆ ಇದನ್ನು ಮುಟ್ಟಬೇಡಿ ಅಂದೆ. ಆಗಲಿ ಎಂದು ತಲೆಯಾಡಿಸಿದಳು. ಕೆಳಗೆ ಹಾಲೇಶಪ್ಪ ಕೆಮ್ಮುವುದು ತಾರಸಿಯವರೆಗೂ ಕೇಳುತ್ತಿತ್ತು. ಹೋಗಿ ಮಾತಾಡಿಸುವ ಧೈರ್ಯ ಆಗಲಿಲ್ಲ.

ನವೆಂಬರ್ 3, ಸೋಮವಾರ

ಬಸವಕಿರಣ್ ಸರ್ ಮುಂದೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: ‘ಮುಚ್ಚು ಅಂತ ನಾವು ಹೇಳಿದ್ವಾ? ಇಲ್ಲ. ಮಿಷಿನ್ ಕೊಟ್ಟಿದ್ದನ್ನ ಕಳಿಸಿದ್ವಿ. ನವೆಂಬರ್ ಮುಗಿಯಾವರೆಗೂ ಸುಮ್ನಿರು ರೂಪಶ್ರೀ. ಆಮೇಲೆ ಓಣಿಗೆ ನೀರು ಹೊಡಸೋಣ, ಗಿಡ ಹಚ್ಚೋಣ, ಏನು ಬೇಕೋ ಮಾಡೋಣ.’

ಡೀಸೆಲ್ ಉಳಿದಿದ್ದು ಸುಳ್ಳಾ ಎಂದೂ ಕೇಳಿದರು. ಸುಳ್ಳಲ್ಲ. ಅದೇ ನನ್ನನ್ನು ಕೊಲ್ಲುತ್ತಿರುವುದು. ಲೆಕ್ಕದಲ್ಲಿ ಹೊಗೆ ನಿಜವಾಗಿಯೂ ಕಡಿಮೆಯಾಗಿದೆ. ಅದರ ಬದಲು ಧೂಳೆಲ್ಲ ಒಂದೇ ಓಣಿಗೆ ಬಂದು ಬಿದ್ದಿದೆ.

ನವೆಂಬರ್ 5

ಮೇಲ್ ಬರೆದೆ. ಅಳಿಸಿದೆ.

ನವೆಂಬರ್ 7

ಇವತ್ತೂ ಕಳಿಸಲಿಲ್ಲ. ಭತ್ತದ ಕೊಯ್ಲು ಶುರುವಾಗಿದೆ. ಮಲೆಬೆನ್ನೂರಿನ ಕಡೆಯಿಂದ ಅಕ್ಕಿಮೂಟೆ ಹೊತ್ತ ಲಾರಿಗಳು ಸಾಲುಗಟ್ಟಿ ಬರುತ್ತಿವೆ. ಎಲ್ಲವೂ ಹಿಂದಿನ ಗೇಟಿನಿಂದಲೇ ಹೋಗುತ್ತವೆ. ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಓಣಿಯ ಮೇಲೆ ಕೆಂಪು ಮೋಡ ಎದ್ದು ಇಳಿಯುತ್ತದೆ. ಇಳಿಯುವ ಮೊದಲೇ ಇನ್ನೊಂದು ಲಾರಿ ಬರುತ್ತದೆ. ಫೋನಿನ ಗೆರೆ ಮಾತ್ರ ನಿಶ್ಚಿಂತೆಯಿಂದ ಮಲಗಿದೆ. ಅದನ್ನು ಕಂಡರೆ ಈಗ ಮೈ ಉರಿಯುತ್ತದೆ.

ನವೆಂಬರ್ 10

ಪುಣೆಯಿಂದ ಫೋನು. ಜನವರಿಯಲ್ಲಿ ಬರಲು ತಯಾರಿದ್ದೀರಾ ಎಂದರು. ಇದ್ದೇನೆ ಅಂದೆ. ಅಮ್ಮನಿಗೆ ಹೇಳಲಿಲ್ಲ, ಯಾಕೆಂದು ಗೊತ್ತಿಲ್ಲ.

ನವೆಂಬರ್ 13, ಗುರುವಾರ

ಹಾಲೇಶಪ್ಪನವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಮಕ್ತುಮ್ ಸಾಬ್ ಹೇಳಿದರು. ನಿನ್ನೆ ಸಂಜೆ ಉಸಿರು ಸಿಗದೆ ಒದ್ದಾಡಿದರಂತೆ. ಓಬಕ್ಕ ಓಣಿಗೆ ಓಡಿ ಬಂದು ಇವರ ಲಾರಿಗೇ ಕೈ ಅಡ್ಡ ಹಿಡಿದರಂತೆ. ಲಾರಿಯಲ್ಲೇ ಕೂಡಿಸಿಕೊಂಡು ಹೋಗಿ ಬಿಟ್ಟು ಬಂದಿದ್ದಾರೆ. ಹೇಳುವಾಗ ಮಕ್ತುಮ್ ಸಾಬ್ ನನ್ನ ಮುಖ ನೋಡಲಿಲ್ಲ. ನಾನೇ ಗಾಡಿ ಓಡಿಸಿ ಓಡಿಸಿ ಹಿಂಗೆ ಮಾಡಿದೆನೇನೋ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಗೇಟಿನ ಉಪಾಯ ಯಾರದೆಂದು ಅವರಿಗೆ ಗೊತ್ತಿಲ್ಲ.

ಕೆಲಸ ಬಿಟ್ಟು ಆಸ್ಪತ್ರೆಗೆ ಹೋದೆ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಮಲೆಬೆನ್ನೂರಿಗೆ ಕೊಟ್ಟಿರುವ ಮಗಳು ಕೀರ್ತನಾ ಬಂದು ಪಕ್ಕದಲ್ಲಿ ಕೂತಿದ್ದಳು. ದಾರಿಯಲ್ಲಿ ಮನೆಗೆ ಹೋಗಿ ಬಟ್ಟೆಬರೆ ತಂದಿದ್ದಳು. ನಾನು ಯಾರೆಂದು ಓಬಕ್ಕ ಹೇಳಿದರು, ಕಂಪನಿಯ ಮೇಡಮ್ಮರು, ಪಾಪ, ನೋಡಾಕೆ ಬಂದಾರೆ ಎಂದು. ಪಾಪವಂತೆ.

ಕೀರ್ತನಾ ತಾಯಿಯ ಕಡೆ ತಿರುಗಿದಳು. ‘ಅವ್ವ, ಕಿಟಕಿ ಯಾಕ ಬಯಲಾಗಿ ಬಿದ್ದೈತೆ? ಅಪ್ಪನ ಗಿರಣಿ ದುಪ್ಪಟಿ ಎಲ್ಲಿ? ದಿನಾ ಒದ್ದೆ ಮಾಡಿ ಕಟ್ಟು ಅಂತ ಡಾಕ್ಟ್ರು ಹೇಳಿರ್ಲಿಲ್ವಾ?’

ಓಬಕ್ಕ ನನ್ನನ್ನು ನೋಡಿದರು. ದೂರಲಿಲ್ಲ, ಏನೂ ಇಲ್ಲ. ಹೇಳಬಹುದಾ ಎಂದು ಕೇಳುವ ಹಾಗೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು: ‘ಮನ್ಯಾಗ ದಪ್ಪಂದು ಅದೊಂದೇ ಇತ್ತು. ಇವರ ಮಿಷಿನ್ನಿಗೆ ಕಟ್ಟಿದೆ. ಮೇಡಮ್ಮರು ಮುಟ್ಟಬ್ಯಾಡ ಅಂದಿದ್ರು.’

ಮೊದಲ ದಿನ ಕತ್ತಲೆ ಕೋಣೆ ಎಂದು ಮೂಗು ಮುರಿದಿದ್ದೆ. ಕಿಟಕಿ ತೆರೆದಾಗ ಬುದ್ಧಿ ಬಂತು ಅಂದುಕೊಂಡಿದ್ದೆ. ಮನುಷ್ಯನ ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಯಂತ್ರದ ಮೂಗಿಗೆ ಕಟ್ಟಿದ್ದಾರೆ. ಅದನ್ನು ಕಣ್ಣಾರೆ ಕಂಡ ಮೇಲೂ ನಾನೇ ಕೈಯಾರೆ ಹುರಿ ಬಿಗಿದು ಬಂದೆ, ಇಷ್ಟು ದಿನ ಹಾಗೇ ಇರಿಸಿದೆ. ನನ್ನ ಜನ್ಮಕ್ಕಿಷ್ಟು.

ಅಲ್ಲಿ ನಿಲ್ಲಲಾಗಲಿಲ್ಲ. ಓಬಕ್ಕನವರ ಹತ್ತಿರ ಬೀಗದ ಕೈ ಇಸಿದುಕೊಂಡು ನೇರ ಅವರ ಮನೆಗೆ ಹೋದೆ. ತಾರಸಿ ಹತ್ತಿ ಹುರಿ ಬಿಚ್ಚಲು ಹೋದರೆ ನಾನು ಹಾಕಿದ್ದ ಗಂಟು ನನಗೇ ಬಿಚ್ಚಲು ಬಾರದು. ಹಲ್ಲಿನಿಂದ ಎಳೆದು ಬಿಚ್ಚಿದೆ. ದುಪ್ಪಟಿ ತಂದು, ನೀರಲ್ಲಿ ಅದ್ದಿ, ಹಿಂಡಿ, ಕಿಟಕಿಗೆ ಕಟ್ಟಿದೆ. ಮಂಚದ ಮೇಲೆ ಕೈಯಾಡಿಸಿದರೆ ಬೆರಳು ಕೆಂಪಗಾಯಿತು. ಕಸಬರಿಗೆ ತಗೊಂಡು ಗುಡಿಸಿದೆ, ಒರೆಸಿದೆ.

ಆಮೇಲೆ ಅವರ ಜಗಲಿಯಲ್ಲೇ ಕೂತು ಮೇಲ್ ಬರೆದೆ. ಇಲ್ಲಿಯವರೆಗಿನ ಓಣಿಯ ಲೆಕ್ಕ ಪೂರ್ತಿ ರದ್ದು, ಯಂತ್ರ ಮುಚ್ಚಿತ್ತು, ಇವತ್ತು ತೆರೆದಿದ್ದೇನೆ, ಇವತ್ತಿನ ಗೆರೆ ನೋಡಿ, ಮರು ಅಳತೆ ಆಗುವವರೆಗೆ ಹಿಂದಿನ ಗೇಟು ಮುಚ್ಚಿಸಿ. ಕಳಿಸಿದೆ. ಈ ಸಲ ಅಳಿಸಲಿಲ್ಲ.

ನವೆಂಬರ್ 14, ಶುಕ್ರವಾರ

ಪುಣೆಯವರು ಒಂದೇ ಪ್ರಶ್ನೆ ಕೇಳಿದ್ದಾರೆ: ಮುಚ್ಚಿದ್ದು ಯಾರು?

ಬಸವಕಿರಣ್ ಸರ್ ಸಿಟ್ಟಿನಿಂದ ಕೆಂಪಗಾಗಿದ್ದರು. ಆದರೂ ನನಗೊಂದು ದಾರಿ ತೋರಿಸಿದರು. ‘ಮನೆಯವರು ಮುಚ್ಚಿದ್ರು ಅಂತ ಬರಿ. ಅದು ನಿಜಾನೇ ಅಲ್ವಾ? ಮಿಷಿನ್ ಬೇರೆ ಮನಿಗೆ ಹಾಕ್ತಾರೆ, ನೀನು ಪುಣೆಗೆ ಹೋಗ್ತೀಯ. ಯಾಕ ಸುಮ್ನೆ ಮೈಮೇಲೆ ಎಳ್ಕೊಳ್ತೀಯ?’

ನಿಜವೇ. ಕಟ್ಟಿದ್ದು ಓಬಕ್ಕನವರೇ. ಒಂದು ಸಾಲು ಬರೆದರೆ ಮುಗಿಯಿತು. ಬರೆದೆ, ಆದರೆ ಬೇರೆ ಸಾಲು. ‘ಧೂಳು ತಾಗಿಸಬೇಡಿ ಎಂದು ಹೇಳಿದ್ದು ನಾನು. ಒಮ್ಮೆಯೂ ಮೇಲೆ ಹತ್ತಿ ನೋಡದೆ ವರದಿ ಕಳಿಸಿದ್ದು ನಾನು. ನೋಡಿದ ಮೇಲೂ ಮುಚ್ಚಿಟ್ಟಿದ್ದು ನಾನು.’ ಸರ್ ಓದಿ ಹುಚ್ಚಿ ಅಂದರು. ಇರಬಹುದು.

ನವೆಂಬರ್ 18

ಹಿಂದಿನ ಗೇಟಿಗೆ ಬೀಗ ಬಿತ್ತು. ಲಾರಿಗಳು ಮತ್ತೆ ಸೇತುವೆ ಸುತ್ತಿ ಹೋಗುತ್ತಿವೆ. ಡೀಸೆಲ್ ಲೆಕ್ಕ ಏರಿದೆ, ಅದನ್ನೂ ಇದ್ದ ಹಾಗೇ ಬರೆದೆ. ಸರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಓಣಿಗೆ ಡಾಂಬರು ಹಾಕಿಸಿ, ಜನವರಿಯಲ್ಲಿ ಮತ್ತೆ ಅಳೆಯುವ ಮಾತು ನಡೆದಿದೆ. ಅಳೆಯಲಿ. ನಾನು ದಿನಾ ಹತ್ತಿ ನೋಡುತ್ತೇನೆ.

ನವೆಂಬರ್ 30, ಭಾನುವಾರ

ಹಾಲೇಶಪ್ಪನವರು ಮನೆಗೆ ಬಂದು ವಾರವಾಯಿತು. ಅಮ್ಮ ರವೆ ಉಂಡೆ ಕಟ್ಟಿಕೊಟ್ಟಿದ್ದಳು, ತಗೊಂಡು ಹೋದೆ. ಯಂತ್ರಕ್ಕೆ ಬಟ್ಟೆಯಿಲ್ಲ, ಒಂದು ಸೇವಂತಿಗೆ ಮಾತ್ರ ಇತ್ತು. ಅದನ್ನು ನಾನೂ ತೆಗೆಯಲಿಲ್ಲ.

ಈಗ ನಿಮ್ಮ ಫೋನು ಏನಂತೈತೆ ಎಂದು ಹಾಲೇಶಪ್ಪನವರು ಕೇಳಿದರು. ಲಾರಿ ಓಡುವಾಗ ಇಲ್ಲಿ ಬಹಳ ಧೂಳಿತ್ತು ಅನ್ನುತ್ತದೆ ಅಂದೆ. ಅವರು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಹೇಳಿದರು: ‘ನಾನೂ ಅದನ್ನೇ ಹೇಳಿದ್ದೆನಲ್ಲವ್ವ.’

ಹೌದು, ಹೇಳಿದ್ದರು. ನಾನು ಫೋನು ತೋರಿಸಿದ್ದೆ. ತಪ್ಪಾಯಿತು ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಉಂಡೆ ಯಾರು ಮಾಡಿದ್ದು ಎಂದು ಕೇಳಿದರು.

ಓಬಕ್ಕನವರು ಒಲೆ ಮುಂದೆ ಇದ್ದರು. ಕಿಟಕಿಯ ದುಪ್ಪಟಿ ಒಣಗಿತ್ತು. ಬಿಚ್ಚಿ, ಅದ್ದಿ, ಹಿಂಡಿ ಕಟ್ಟಿದೆ. ಈಗ ಗಂಟು ಹಾಕುವುದು ಕೈಗೆ ಕೂತಿದೆ. ಕೋಣೆ ಕತ್ತಲಾಯಿತು, ತಂಪಾಯಿತು. ಹಾಲೇಶಪ್ಪನವರು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ಒಂದೇ ಸಮನಾಯಿತು.

ಕುಡಿದ ಲೋಟ ಕೆಳಗಿಡುವ ಮೊದಲೇ ಓಬಕ್ಕ ಮತ್ತೊಮ್ಮೆ ಚಹಾ ಹಾಕಿದರು. ಪುಣೆಯಿಂದ ಮೇಲ್ ಬಂದಿದೆ ಎಂದು ಫೋನು ಕುಯ್‌ಗುಟ್ಟಿತು. ಹಾಲೇಶಪ್ಪನವರ ನಿದ್ದೆ ಕೆಟ್ಟೀತೆಂದು ಸದ್ದು ಆರಿಸಿ ಚೀಲದಲ್ಲಿಟ್ಟೆ. ಆ ಕತ್ತಲಲ್ಲೇ ಗೋಡೆಗೆ ಒರಗಿ, ಚಹಾ ಆರುವವರೆಗೂ ಕೂತಿದ್ದೆ.